ಆಸ ರಾಜನ ಕಾಲು

ನನ್ನ ತಮ್ಮ ಅಂದಾನಪ್ಪ ಭಾಳ ಒಳ್ಳೆ ಮನಷ್ಯಾ. ಇದನ್ನ ಮೊದಲ ಹೇಳಿಬಿಡ್ತೇನಿ, ಇಲ್ಲಾಂದ್ರ ಮುಂದ ನಾ ಅವಂಗ ಬೈಯೋದು ಕೇಳಿ ನೀವು ಏನರ ತಪ್ಪು ತಿಳ್ಕೊಂಡೀರಿ. ಇಳಕಲ್ಲಿನ ನಮ್ಮ ಓಣ್ಯಾಗ ಅವನಂಗ ಸೀರಿಗಿ ಸೆರಗು ಕೂಡಿಸೋ ಕೈ ಇನ್ನೊಂದಿಲ್ಲ. ಯಾರ ಜೋಡಿನೂ ಜಗಳ ತಗದಂವಲ್ಲ, ಚಾ ಬಿಟ್ರ ಬ್ಯಾರೆ ಚಟ ಇಲ್ಲ. ಆದ್ರ ಆ ತಲಿ ಐತಲ್ಲ, ಅದು ಖರೆ ನಮ್ಮಪ್ಪನ ತಲಿ. ಅದರೊಳಗ ಒಮ್ಮೆ ಏನರ ಹೊಕ್ಕಿತಂದ್ರ ಮುಗೀತು, ಹೊರಗ ತಗಿಯಾಕ ನಾನ ಹೋಗಬೇಕು.

ನಾ ಗುರುಸಿದ್ದವ್ವ, ಅವನ ಅಕ್ಕ. ಗಂಡ ತೀರಿಕೊಂಡ ಮ್ಯಾಲ ತಮ್ಮನ ಮನಿಗಿ ಹತ್ತಿದ ಖೋಲ್ಯಾಗ ಇರ್ತೇನಿ. ಅವನ ಮಗ್ಗದ ಲಾಳಿಗಿ ನೂಲು ಸುತ್ತಿಕೊಡೋದು ನನ್ನ ಕೆಲಸ. ರಾಟಿ ಒಮ್ಮೊಮ್ಮೆ ನಿಲ್ತೈತಿ, ಗುರುಸಿದ್ದವ್ವನ ಬಾಯಿ ನಿಲ್ಲಂಗಿಲ್ಲ ಅಂತ ಓಣಿ ಮಂದಿ ಅಂತಾರ. ಅನ್ನಲಿ. ಅವರ ಮನ್ಯಾಗ ಜಡ್ಡು ಜಾಪತ್ರಿ ಬಂದ್ರ ಇದ ಬಾಯಿಗಿ ಕರೀತಾರ, ಬಂದು ಪ್ರಾರ್ಥನಿ ಮಾಡು ಅಂತ.

ಹೆಸರು ಕೇಳಿ ಚಕಿತ ಆಗಬ್ಯಾಡ್ರಿ. ನಾವು ಕ್ರೈಸ್ತರು. ನಮ್ಮವ್ವನ ಕಾಲಕ್ಕ ಯೇಸುನ್ನ ನಂಬಿದ ಮನಿ ನಮ್ಮದು, ಹೆಸರು ಮಾತ್ರ ಹಂಗ ಉಳದಾವು. ಅವ್ವ ಅದಕ್ಕೂ ಮೊದಲು ಭಾಳ ಭಕ್ತಿವಂತಾಕಿ. ನಮ್ಮ ಕಡೆ ಹೂವಿನ ಅಪ್ಪಣಿ ಕೇಳೋ ಪದ್ಧತಿ ಐತಿ. ದೇವರ ಮೈಗಿ ಹಸಿ ಹೂ ಅಂಟಿಸಿ, ಮನಸಿನ್ಯಾಗ ಮಾತು ಹೇಳಿಕೊಂಡು, ಕೈ ಮುಗದು ಕುಂದರೋದು. ಬಲಕ್ಕ ಬಿದ್ರ ಆತು, ಎಡಕ್ಕ ಬಿದ್ರ ಬ್ಯಾಡ. ಅವ್ವ ನನ್ನ ಲಗ್ನನೂ ಹಂಗ ಕೇಳಿ ಮಾಡಿದಾಕಿ. ಆಮ್ಯಾಲ ದೀಕ್ಷಾಸ್ನಾನ ಆತು, ಗುಡಿ ಬಿಟ್ಲು, ಹೂ ಬಿಟ್ಲು. ಕೇಳೋ ಚಟ ಮಾತ್ರ ಮನಿ ಬದಲಿಸಿದ್ರೂ ಬೆಕ್ಕು ಹಿಂದ ಬಂದಂಗ ಬಂತು.

ಹೆಂಗಂದ್ರ, ಕಣ್ಣು ಮುಚ್ಚೋದು, ಸತ್ಯವೇದ ಫಕ್ಕನ ತೆರೆಯೋದು, ಹಾಳಿ ಮ್ಯಾಲ ಬೆರಳಿಡೋದು. ಬೆರಳಿನ ಕೆಳಗ ಯಾವ ವಚನ ಬಂತೋ ಅದ ದೇವರ ಅಪ್ಪಣಿ. ಅವ್ವ ತೀರಿಕೊಂಡ ಮ್ಯಾಲ ಈ ಕೆಲಸ ಅಂದಾನಪ್ಪಗ ಬಂತು. ಒಮ್ಮೆ ಎಮ್ಮಿ ತಗೋಬೇಕೋ ಬ್ಯಾಡೋ ಅಂತ ಬೆರಳಿಟ್ಟ. ಇಂಥಾವ ಇಂಥಾವನನ್ನ ಪಡೆದ, ಅಂವ ಮತ್ತೊಬ್ಬನನ್ನ ಪಡೆದ ಅಂತ ವಂಶಾವಳಿ ಬಂತು. ಎಮ್ಮಿ ಗ್ಯಾರಂಟಿ ಈಯ್ತೈತಿ ಅಂತ ಹೋಗಿ ಹೊಡಕೊಂಡು ಬಂದ. ಅದೂ ಈಯ್ತು! ಅವತ್ತಿನಿಂದ ಪ್ರಾರ್ಥನಾ ಕೂಟದ ಮಂದಿಯೆಲ್ಲ, ಯಮನಪ್ಪ ಮೊದಲಗೊಂಡು, ಒಂದೊಂದು ಪ್ರಶ್ನಿ ಹಿಡಕೊಂಡು ನಮ್ಮ ಪಡಸಾಲಿಗಿ ಬರಾಕ ಹತ್ತಿದ್ರು.

"ಲೇ ಅಂದಾನಿ, ಇದು ಗಿಳಿಶಾಸ್ತ್ರ ಅಲ್ಲಲೇ," ಅಂತ ನಾ ಎಷ್ಟು ಬಡಕೊಂಡೆ. "ಗಿಳಿನರ ಕಾಳು ತಿಂದು ಚೀಟಿ ತಗೀತೈತಿ, ನೀ ಪುಕ್ಕಟೆ ತಗೀತಿ."

"ಅಕ್ಕಾ, ಇದರಾಗಿನ ಪ್ರತಿಯೊಂದು ಮಾತೂ ದೇವರದಲ್ಲೇನು? ಮತ್ತ ಯಾವ ಮಾತಿನ ಮ್ಯಾಲ ಬೆರಳಿಟ್ರೇನು?" ಅಂತ ನಗ್ತಿದ್ದ.

ಅಂವ ನಗೋದು ನೋಡಿದ್ರ ನನಗೂ ನಗಿ ಬರ್ತಿತ್ತು. ಎಮ್ಮಿ ವಿಷಯ ಅಲ್ಲೇನ್ರಿ, ಹೋಗಲಿ ಬಿಡು ಅನಸ್ತಿತ್ತು.

ಎರಡು ಸಾವಿರದ ನಾಕನೇ ಇಸವಿ ಮಳಿಗಾಲ. ಕುಣಿಮಗ್ಗಂದ್ರ ಕಾಲು ಕುಣಿಯೊಳಗ ಇಳಿಬಿಟ್ಟು ಹಲಗಿ ತುಳಕೋತ ನೇಯೋದು. ಆ ಕುಣ್ಯಾಗ ಒಂದು ಬಿದಿರಿನ ಸಿಬರು ಅಂದಾನಪ್ಪನ ಎಡಗಾಲಿಗಿ ಹೊಕ್ಕಿತು. ಅವಂಗ ಸಕ್ಕರಿ ಬ್ಯಾನಿ ಬ್ಯಾರೆ. ಪಾದ ಜೋಮು ಹಿಡದು ಹಿಡದು ನೋವ ತಿಳಿಯಂಗಿಲ್ಲ. ಸಿಬರು ಒಳಗ ಕೀವಾಗಿ, ಕಿರಿಬೆರಳು ಅದರ ಪಕ್ಕದ್ದು ಎರಡೂ ಕಪ್ಪಾದ ಮ್ಯಾಲ ಗೊತ್ತಾಗಿದ್ದು. ಅದೂ ಪಕ್ಕದ ಮನಿ ಮಾಸುಮಬಿ ಬಂದು ಅಂದಾನಪ್ಪನ ಹೇಂತಿಗಿ, "ಏ ರತ್ನಾ, ನಿಮ್ಮ ಮಗ್ಗದ ಖೋಲ್ಯಾಗ ಇಲಿ ಸತ್ತೈತೇನ ನೋಡು, ವಾಸನಿ," ಅಂದಾಗ.

ಇಳಕಲ್ಲಿನ ಡಾಕ್ಟರ್ ನೋಡಿ ಮಾರಿ ಸಣ್ಣದು ಮಾಡಿದ್ರು. "ಬಾಗಲಕೋಟಿಗಿ ಕರಕೊಂಡು ಹೋಗ್ರಿ. ಎರಡು ಬೆರಳು ತಗಿಬೇಕಾಗ್ತೈತಿ. ತಡ ಮಾಡಿದ್ರ ಕಾಲು ಹೋಗ್ತೈತಿ, ಇನ್ನೂ ತಡ ಮಾಡಿದ್ರ ಮನಷ್ಯಾನ ಹೋಗ್ತಾನ," ಅಂದ್ರು. ಇಷ್ಟು ಸ್ವಚ್ಛ ಹೇಳಿದ್ರ ಯಾರರ ಏನ್ ಮಾಡ್ತಾರ? ಅವತ್ತ ಬಸ್ಸು ಹತ್ತತಾರ. ನನ್ನ ತಮ್ಮ ಮನಿಗಿ ಬಂದು ಬಾಗಿಲ ಹಾಕ್ಕೊಂಡು ಬೆರಳಿಟ್ಟ.

ಅಂವ ಏನು ತೀರ್ಮಾನ ಮಾಡ್ಯಾನ ಅಂತ ನಮಗ ತಿಳಿದಿದ್ದು ನಮ್ಮ ಪಡಸಾಲ್ಯಾಗ ನಡಿಯೋ ಐತವಾರದ ಕೂಟದಾಗ. ಅವತ್ತು ಪಾಸ್ಟರ್ ಬಂದಿರಲಿಲ್ಲ. ಹಾಡು ಮುಗದ ಮ್ಯಾಲ ಅಂದಾನಪ್ಪ ಕಂಬ ಹಿಡಕೊಂಡು ಎದ್ದು ನಿಂತ. ಜ್ವರಕ್ಕ ಕಣ್ಣು ಕೆಂಪಾಗಿದ್ವು. "ದೇವರು ನನ್ನ ಜೋಡಿ ಮಾತಾಡ್ಯಾನ," ಅಂದ. "ನಾ ಬೆರಳಿಟ್ಟಾಗ ಆಸ ರಾಜನ ಮಾತು ಬಂತು. ಆಸ ರಾಜಗ ಕಾಲಾಗ ಜಡ್ಡಾಗಿತ್ತು. ಅಂವ ಕರ್ತನ ಕಡೆ ಹೋಗದ ವೈದ್ಯರ ಕಡೆ ಹೋದ, ಸತ್ತ. ಕಾಲಿನ ಜಡ್ಡು, ನೋಡ್ರಿ! ಇಡೀ ಸತ್ಯವೇದದಾಗ ಅದ ವಚನ ನನ್ನ ಬೆರಳಿಗಿ ಯಾಕ ಬರಬೇಕು? ನಾ ಬಾಗಲಕೋಟಿಗಿ ಹೋಗಂಗಿಲ್ಲ."

ಯಮನಪ್ಪ "ಹಲ್ಲೆಲೂಯ" ಅಂದ. ಇನ್ನೂ ನಾಕು ಮಂದಿ ಅಂದ್ರು. ರತ್ನಾಬಾಯಿ, ಅವನ ಹೇಂತಿ, ಸೆರಗು ಬಾಯಾಗ ತುರುಕಿಕೊಂಡು ನನ್ನ ಕಡೆ ನೋಡಿದ್ಲು. ಮಗಳು ಶೈಲಶ್ರೀ ಗ್ವಾಡಿಗಿ ಹತ್ತಿ ನಿಂತಿದ್ಲು, ಮಾರಿ ಸುಣ್ಣ ಹಚ್ಚಿದಂಗಾಗಿತ್ತು. ಖರೆ ಹೇಳ್ತೇನಿ, ಆ ಹೊತ್ತಿನ್ಯಾಗ ನನಗ ಸಿಟ್ಟು ಬರಲಿಲ್ಲ. ನನ್ನ ತಮ್ಮ ಸಾಯತಾನ, ಅದೂ ಕೈಯಾಗ ಸತ್ಯವೇದ ಹಿಡಕೊಂಡು ಸಾಯತಾನ ಅಂತ ಅನಸ್ತು.

ಆಮ್ಯಾಲ ಬಂತು ನೋಡ್ರಿ ಸಿಟ್ಟು.

ಮಂದಿ ಎಲ್ಲ ಹೋಗಲಿ ಅಂತ ತಡದೆ. ಹೋದ ಮ್ಯಾಲ ನನ್ನ ಖೋಲಿಗಿ ಹೋಗಿ ಕನ್ನಡಕ ಹಾಕ್ಕೊಂಡು, ನನ್ನ ಸತ್ಯವೇದ ತಗೊಂಡು ಬಂದು ಅವನ ಎದುರು ಕುಂತೆ.

"ಆಸ ರಾಜಂದು ಯಾವ ಅಧ್ಯಾಯ?"

"ಎರಡನೇ ಪೂರ್ವಕಾಲವೃತ್ತಾಂತ ಹದಿನಾರು."

"ಮೊದಲಿಂದ ಓದೀಯೇನು?"

"ವಚನ ಬಂದದ್ದು ಕಡೀಕ ಐತಲ್ಲ, ಅಕ್ಕಾ."

"ನೀ ಸೀರಿ ಕಡೀ ಮೊಳದಿಂದ ನೇಯ್ತೀಯೇನಲೇ? ಕೇಳು ಸುಮ್ಮನ."

ಓದಿದೆ. ಬಾಯಿಗಿ ಬಂದಂಗಲ್ಲ, ನಿಧಾನಕ್ಕ ಓದಿದೆ. ಆಸ ರಾಜ ಒಂದು ಕಾಲದಾಗ ದೇವರ ಮ್ಯಾಲ ಭಾರ ಹಾಕಿ ದೊಡ್ಡ ದಂಡನ್ನ ಗೆದ್ದಂವ. ಆಮ್ಯಾಲ ವೈರಿ ಬಂದಾಗ ಅಂಜಿ, ದೇವರ ಮನಿ ಬೆಳ್ಳಿ ಬಂಗಾರ ತಗದು ಅರಾಮ್ಯರ ರಾಜಗ ಕಳಿಸಿ, ನೀ ನನ್ನ ಕೈ ಹಿಡಿ ಅಂತ ಬೇಡಿಕೊಂಡ. ಇದು ತಪ್ಪಪಾ ಅಂತ ದೇವರ ಪ್ರವಾದಿ ಬಂದು ಹೇಳಿದ್ರ, ಅವನ್ನ ಹಿಡದು ಸೆರಮನ್ಯಾಗ ಹಾಕಿದ. ಮಂದಿನ್ನ ಹಿಂಸಾ ಮಾಡಿದ. ಹಿಂಗ ದೇವರ ಜೋಡಿ ಮಾತು ಬಿಟ್ಟು ವರ್ಷಗಟ್ಟಲೆ ಮಾರಿ ತಿರುವಿ ಕುಂತಂವ, ಜಡ್ಡು ಬಿದ್ದಾಗೂ ಹೊಳ್ಳಿ ನೋಡಲಿಲ್ಲ.

"ಈಗ ಹೇಳು," ಅಂದೆ. "ಅಂವ ವೈದ್ಯರ ಕಡೆ ಹೋದದ್ದು ತಪ್ಪೋ, ದೇವರ ಕಡೆ ಹೋಗದ್ದು ತಪ್ಪೋ? ನೀ ದಿನಾ ಮುಂಜಾನೆದ್ದು ಮೊಣಕಾಲೂರಿ ಪ್ರಾರ್ಥನಿ ಮಾಡಾಂವ. ನೀ ಹೆಂಗಲೇ ಆಸ ರಾಜ ಆದಿ? ಯಾವ ಪ್ರವಾದಿಗಿ ಬೇಡಿ ಹಾಕೀದಿ?"

ಅಂವ ಅರ್ಧ ತುಟಿಲೆ ನಕ್ಕು, "ನಿನ್ನ ಮಾತ ಕೇಳಿಲ್ಲಲ್ಲ," ಅಂದ. ಜ್ವರದಾಗೂ ಕುಚೇಷ್ಟಿ.

"ನಗಬ್ಯಾಡ. ಇನ್ನೊಂದು ಕೇಳು. ಯೇಸುನ್ನ ಗುಡಿ ಶಿಖರಕ್ಕ ಕರಕೊಂಡು ಹೋಗಿ ಸೈತಾನ ಏನಂದ? ಜಿಗಿ, ನಿನ್ನ ಕಾಲಿಗಿ ಕಲ್ಲು ತಾಕದಂಗ ದೂತರು ಎತ್ತಿ ಹಿಡೀತಾರಂತ ಬರದೈತಿ ಅಂದ. ಬರದದ್ದು ಖರೇನ. ಸೈತಾನ ಸುಳ್ಳು ವಚನ ಹೇಳಲಿಲ್ಲ. ಖರೆ ವಚನ ಹಿಂದ ಮುಂದ ಕತ್ತರಿಸಿ ಒಂದ ತುಂಡು ತೋರಿಸಿದ. ಅದಕ್ಕ ಯೇಸು, ಹಿಂಗೂ ಬರದೈತಿ ನೋಡು, ನಿನ್ನ ದೇವರನ್ನ ಪರೀಕ್ಷಾ ಮಾಡಬಾರ್ದು ಅಂದ. ದೇವರ ಮಗನ ಒಂದು ತುಂಡು ಹಿಡಕೊಂಡು ಜಿಗೀಲಿಲ್ಲ, ನೀ ಜಿಗಿಯಾಕ ನಿಂತೀಯಲ್ಲೋ!"

ಅಂದಾನಪ್ಪ ತಲಿ ತಗ್ಗಿಸಿ ಕುಂತ. ಕಾಲಿಗಿ ಸುತ್ತಿದ ಅರಿವಿ ಒದ್ದಿ ಆಗಿತ್ತು. ಅದನ್ನ ಬಿಗಿ ಮಾಡಿಕೋತ ಸಣ್ಣ ದನಿಲೆ, "ಅಕ್ಕಾ, ನಾ ಒಮ್ಮೆ ಅಲ್ಲ ಬೆರಳಿಟ್ಟಿದ್ದು," ಅಂದ.

"ಹಂಗಂದ್ರ?"

"ಎರಡು ಸಲ ಇಟ್ಟೆ. ಮೊದಲನೇ ಸಲ ಮಾರ್ಕನ ಸುವಾರ್ತಿ ಬಂತು. ನಿನ್ನ ಕಾಲು ನಿನ್ನನ್ನ ಪಾಪಕ್ಕ ಎಳದ್ರ ಅದನ್ನ ಕಡದು ಹಾಕು, ಎರಡು ಕಾಲು ಇಟಗೊಂಡು ನರಕಕ್ಕ ಬೀಳೋದಕಿಂತ ಕುಂಟಾಗಿ ಜೀವದಾಗ ಸೇರೋದು ಚಲೋ ಅಂತ. ಕಡದು ಹಾಕು ಅನ್ನೋದು ಓದಿದ ಕೂಡಲೆ ಎದಿ ಝಲ್ ಅಂತು. ಪುಸ್ತಕ ಮುಚ್ಚಿಬಿಟ್ಟೆ. ಆಮ್ಯಾಲ ಇನ್ನೊಮ್ಮೆ ತಗದೆ. ಆಸ ರಾಜ ಬಂದ."

ರತ್ನಾ ಅಡಗಿಮನಿ ಬಾಗಿಲದಾಗ ನಿಂತು ಕೇಳಾಕತ್ತಿದ್ಲು. ಓಡಿ ಬಂದ್ಲು ನೋಡ್ರಿ. "ಯವ್ವಾ! ಮತ್ತ ಇದನ್ನ ಯಾಕ ಮುಚ್ಚಿಟ್ರಿ? ದೇವರ ಹೇಳ್ಯಾನಲ್ಲ ಕಡೀರಿ ಅಂತ! ಮೊದಲ ಬಂದದ್ದ ಖರೆ ಅಪ್ಪಣಿ. ಹೌದಿಲ್ಲೋ ಅಕ್ಕಾರ? ಹೇಳ್ರಿ ಇವರಿಗಿ! ನೀವು ಹೇಳಿದ್ರ ಕೇಳ್ತಾರ!"

ಅಂದಾನಪ್ಪನೂ ನನ್ನ ಮಾರಿ ನೋಡಿದ. ಆ ನೋಟದಾಗ ಎಲ್ಲಾ ಇತ್ತು. ನಾ ಹೂಂ ಅಂದ್ರ ಸಾಕಿತ್ತು, ಅಂವ ಏಳ್ತಿದ್ದ. ಸಂಜಿ ಬಸ್ಸಿಗೇ ಹೋಗಬಹುದಿತ್ತು. ನನ್ನ ನಾಲಿಗಿ ತುದಿಗಿ ಬಂದಿತ್ತು ಆ ಹೂಂ. ಬೆನ್ನಿಗಿ ಬಿದ್ದ ತಮ್ಮ, ನಾ ಬಗಲಾಗ ಎತ್ತಿ ಬೆಳಿಸಿದ ಕೂಸು. ಒಂದು ಅಕ್ಷರ ಅಂದ್ರ ಉಳೀತಾನ. ಯಾರರ ನನ್ನ ತಪ್ಪಂತಿದ್ರೇನು?

"ಇಲ್ಲ," ಅಂದೆ. "ಅದೂ ಅಲ್ಲ."

"ಅಕ್ಕಾರ!" ರತ್ನಾ ಚೀರಿದ್ಲು. "ನಿಮ್ಮ ಹಟಕ್ಕ ನನ್ನ ಕುಂಕುಮ ಅಳಸ್ತೀರೇನ್ರಿ?"

ಕ್ರೈಸ್ತ ಮನಿ ಹೆಂಗಸು, ಕುಂಕುಮ ಹಚ್ಚಿ ಎಷ್ಟು ವರ್ಷ ಆತೋ. ಸಂಕಟಕ್ಕ ಹಳೆ ಮಾತ ಬಾಯಿಗಿ ಬರ್ತಾವು. ನನ್ನ ಕಣ್ಣಾಗೂ ನೀರು ತುಂಬಿತ್ತು.

"ಅಲ್ಲಿ ಯೇಸು ಪಾಪದ ಮಾತು ಹೇಳಾಕತ್ತಾನ ರತ್ನಾ. ಕೈ, ಕಾಲು, ಕಣ್ಣು, ಮೂರೂ ಹೇಳ್ತಾನ. ಪಾಪ ಎಷ್ಟು ಕೆಟ್ಟದ್ದು, ಅದನ್ನ ಬಿಡಾಕ ಏನೂ ಹೆಚ್ಚಲ್ಲ ಅಂತ. ಸಿಬರು ಚುಚ್ಚಿ ಕೀವಾದ ಬೆರಳಿನ ಮಾತಲ್ಲ ಅದು. ನನಗ ಬೇಕಾದದ್ದು ಬಂತಂತ ಇದಕ್ಕ ಹೂಂ ಅಂದ್ರ, ಆಸ ರಾಜನ್ನ ಯಾವ ಬಾಯಿಲೆ ಅಲ್ಲ ಅನ್ಲಿ? ಇವತ್ತು ಹಿಂಗ ಗೆದ್ರ ನಾಳೆ ಶೈಲಾನ ಲಗ್ನಕ್ಕ ಬೆರಳಿಡ್ತಾನ. ನಾಡಿದ್ದು ಯಮನಪ್ಪನ ಮೊಮ್ಮಗಗ ಜ್ವರ ಬಂದ್ರ ಅಲ್ಲೂ ಇಡ್ತಾನ. ಅವತ್ತು ಬಾಗಲಕೋಟಿಗಿ ಹೋಗು ಅನ್ನೋ ವಚನ ಬರ್ತೈತಂತ ಯಾರು ಬರಕೊಟ್ಟಾರ? ದೇವರ ಮಾತಿನ ಮ್ಯಾಲ ನಾ ಜೀವಾನ ಇಟ್ಟೇನಿ. ಅದಕ್ಕ ಅದರ ಬಾಯಾಗ ನನ್ನ ಮಾತು ತುರುಕಂಗಿಲ್ಲ."

ರತ್ನಾ ನೆಲಕ್ಕ ಕುಸದು ಅತ್ಲು. ಶೈಲಶ್ರೀ ಬಂದು ಅವ್ವನ್ನ ಹಿಡಕೊಂಡ್ಲು.

ಅಂದಾನಪ್ಪ ಕೇಳಿದ: "ಹಂಗಾದ್ರ ನನ್ನ ಕಾಲಿನ ಬಗ್ಗೆ ಇದರಾಗ ಏನೂ ಬರದಿಲ್ಲೇನು?"

"ಇಲ್ಲ."

"ಮತ್ತ ನಾ ಏನ್ ಮಾಡ್ಲಿ?" ಈಗ ದನಿ ಒಡದಿತ್ತು. "ದೇವರು ಹೋಗು ಅಂದ್ರ ಹೋಗ್ತೇನಿ, ಬ್ಯಾಡ ಅಂದ್ರ ಬಿಡ್ತೇನಿ. ಏನೂ ಅನ್ನಲಿಲ್ಲಂದ್ರ ನಾನ ತೀರ್ಮಾನ ಮಾಡಬೇಕಲ್ಲ. ನನಗ ಅಂಜಿಕಿ ಅಕ್ಕಾ. ಬೆರಳು ಹೋದ್ರ ಮಗ್ಗ ತುಳಿಯಾಕ ಆಗ್ತೈತೋ ಇಲ್ಲೋ. ಮತ್ತ ಬರೇ ಬೆರಳು ಅಂತಾರ, ಒಳಗ ಹೋದ ಮ್ಯಾಲ ಮೊಣಕಾಲ ತನಕ ಕೊಯ್ದ್ರ?"

ಹಂಗ ನೋಡ್ರಿ, ಇಷ್ಟು ದಿವಸ ಅವನೊಳಗ ಮಾತಾಡಿದ್ದು ದೇವರಲ್ಲ. ಅಂಜಿಕಿ. ನಾ ಅವನ ಹತ್ತಿರ ಸರದು ಕುಂತೆ.

"ನಿನ್ನ ಕಾಲಿನ ಬಗ್ಗೆ ಬರದಿಲ್ಲ. ನಿನ್ನ ಬಗ್ಗೆ ಬೇಕಾದಷ್ಟು ಬರದೈತಿ. ಹಿಜ್ಕೀಯ ರಾಜ ಸಾಯಾಕ ಬಿದ್ದಾಗ ದೇವರು, ನಿನ್ನ ಕಣ್ಣೀರು ನೋಡೇನಿ, ವಾಸಿ ಮಾಡ್ತೇನಿ ಅಂದ. ಅಂದ ಮ್ಯಾಲ ಪ್ರವಾದಿ ಯೆಶಾಯ ಏನ್ ಮಾಡಿದ? ಅಂಜೂರ ಅರದು ಹುಣ್ಣಿಗಿ ಕಟ್ಟಿಸಿದ. ದೇವರ ಮಾತಿಗಿ ಔಷಧ ವೈರಿ ಅಂತ ಅಲ್ಲಿ ಯಾರಿಗೂ ಅನಸಲಿಲ್ಲ. ಪೌಲನ ಸಂಗಾತಿ ಲೂಕ ವೈದ್ಯ, ಪೌಲ ಅವನ್ನ ಪ್ರೀತಿಯ ವೈದ್ಯ ಅಂತ ಕರದಾನ. ಇನ್ನ ನಿನಗ ನೇರ ಬರದದ್ದು ಬೇಕೇನು? ತನ್ನ ಮನಿಯವರನ್ನ ನೋಡಿಕೊಳ್ಳದಂವ ನಂಬಿಕಿ ಬಿಟ್ಟಂವ ಅಂತ ಬರದೈತಿ. ಅದನ್ನ ಮ್ಯಾಲಿಂದ ಓದು, ಕೆಳಗಿಂದ ಓದು, ಅದ ಅರ್ಥ. ಅಲ್ಲಿ ಕುಂತು ಅಳಾಕತ್ತಾರಲ್ಲ, ಅವರ ನಿನ್ನ ಮನಿಯವರು."

ಅಂದಾನಪ್ಪ ಹೇಂತಿ ಕಡೆ ನೋಡಿದ. ಮಗಳ ಕಡೆ ನೋಡಿದ. ಆಮ್ಯಾಲ ಎರಡೂ ಕೈಲೆ ಮಾರಿ ಮುಚ್ಕೊಂಡು ಸಣ್ಣ ಹುಡುಗನಂಗ ಅತ್ತ. ಅತ್ತು ಮುಗದ ಮ್ಯಾಲ ಮೂಗು ಒರಸ್ಕೊಂಡು, "ಶೈಲಾ, ನನ್ನ ದೋತರ ತಗೀಬೇ," ಅಂದ.

ಹುನಗುಂದ ದಾಟಿ ಅಮೀನಗಡದಾಗ ಬಸ್ಸು ನಿಂತಾಗ ಕಿಡಕ್ಯಾಗಿಂದ ಕರದಂಟಿನ ಅಂಗಡಿ ನೋಡಿ, "ಅಕ್ಕಾ, ಸಕ್ಕರಿ ಬ್ಯಾನಿಗಿ ಕರದಂಟು ತಿನಬಾರ್ದಂತ ಎಲ್ಲಿ ಬರದೈತಿ?" ಅಂದ. "ನನ್ನ ಕೈ ಮ್ಯಾಲ ಬರದೈತಿ, ಕಪಾಳಕ್ಕ ಬಿದ್ರ ಓದಾಕ ಬರ್ತೈತಿ," ಅಂದೆ. ಮುಂದಿನ ಸೀಟಿನ್ಯಾಗ ರತ್ನಾ ನಕ್ಕಳು. ನನ್ನ ಜೋಡಿ ಮಾತ್ರ ಇನ್ನೂ ಮಾತಾಡಿರಲಿಲ್ಲ.

ಬಾಗಲಕೋಟಿ ದವಾಖಾನ್ಯಾಗ ಡಾಕ್ಟರ್ ಕಾಲು ತಿರುವಿ ತಿರುವಿ ನೋಡಿದ್ರು. ತಡ ಆಗೇತಿ, ನಂಜು ಮ್ಯಾಲ ಏರೇತಿ, ಕಾಲು ಉಳಸಾಕ ನೋಡ್ತೇವಿ ಅಂದ್ರು. ನೋಡ್ತೇವಿ ಅನ್ನೋ ಮಾತು ಕೇಳಿ ಅಂದಾನಪ್ಪನ ಮಾರಿ ಇಳೀತು. ಮರುದಿವಸ ಮುಂಜಾನೆ ಆಪರೇಶನ್. ಹಸಿರು ಅಂಗಿ ಹಾಕಿ ಮಂಚದ ಮ್ಯಾಲ ಮಲಗಿಸಿದ್ರು. ರತ್ನಾ, ಶೈಲಾ ಹೊರಗ ಡಾಕ್ಟರ್ ಜೋಡಿ ಮಾತಾಡಾಕ ಹೋಗಿದ್ರು. ಅಂವ ನನ್ನ ಕೈ ಹಿಡಕೊಂಡ. ಕೈ ಥಣ್ಣಗಿತ್ತು.

"ಅಕ್ಕಾ, ನಿನ್ನ ಮಾತು ಕೇಳಿ ಬಂದೇನಿ. ನಾ ಒಳಗಿಂದ ಏಳಲಿಲ್ಲಂದ್ರ?"

ಏಳ್ತೀಯಪಾ, ಯಾಕ ಏಳಂಗಿಲ್ಲ ಅನ್ನಬೇಕಂತ ಕರುಳು ಹೇಳ್ತಿತ್ತು. ಆ ಹೊತ್ತಿಗಿ ಚಂದಂದೊಂದು ವಾಗ್ದಾನದ ವಚನ ಹುಡುಕಿ, ಇದು ನಿನಗ ಬರದದ್ದು ಅಂತ ಹೇಳಾಕ ಯಾರಿಗಿ ಬರಂಗಿಲ್ಲ? ನನಗೂ ಬರ್ತಿತ್ತು. ಆದ್ರ ಒಮ್ಮೆ ಅಲ್ಲ ಅಂದಾಕಿ ಎರಡನೇ ಸಲ ಹೆಂಗ ಹೌದು ಅನ್ಲಿ?

"ಏಳ್ತೀ ಅಂತ ನಿನ್ನ ಹೆಸರು ಹಾಕಿ ಎಲ್ಲೂ ಬರದಿಲ್ಲ," ಅಂದೆ. "ಬರದದ್ದು ಏನಂದ್ರ, ಬದುಕಿದ್ರೂ ನಾವು ಕರ್ತನವ್ರು, ಸತ್ರೂ ಕರ್ತನವ್ರು. ಇಷ್ಟು ಗಟ್ಟಿ. ಇದನ್ನ ಯಾವ ಡಾಕ್ಟರನ ಕತ್ತರಿನೂ ಕೊಯ್ಯಂಗಿಲ್ಲ."

ಅಂವ ಕಣ್ಣು ಮುಚ್ಚಿದ. ಅಳ್ತಾನ ಅಂತ ತಿಳಕೊಂಡೆ. ಅಳಲಿಲ್ಲ. ಕಣ್ಣು ತಗದು, "ಇದರ ಹಿಂದ ಏನೈತಿ, ಮುಂದ ಏನೈತಿ?" ಅಂತ ಕೇಳಿದ.

ದೇವರಾಣೆ, ನನಗ ಅಳು ನಗಿ ಎರಡೂ ಕೂಡೇ ಬಂದ್ವು. ಚೀಲದಾಗಿಂದ ಕನ್ನಡಕ ತಗದೆ, ರೋಮಾಪುರದವ್ರಿಗಿ ಬರದ ಪತ್ರಿಕಿ ತಗದೆ, ಹದಿನಾಕನೇ ಅಧ್ಯಾಯ ಮೊದಲಿಂದ ಓದಾಕ ಹತ್ತಿದೆ. ಹೊಂದಿಕೊಂಡು ಇರೋದು, ಒಬ್ಬರ ಊಟದಾಗ ಒಬ್ಬರು ತಪ್ಪು ಹುಡುಕಬಾರ್ದು, ಎಲ್ಲಾ ಬಂತು ಅದರಾಗ. ಅರ್ಧಕ್ಕ ಬಂದಿದ್ದೆ, ಸಿಸ್ಟರ್ ಗಾಲಿ ಮಂಚ ನೂಕ್ಕೊಂಡು ಬಂದ್ಲು. "ಏಳ್ರಿ ಅಜ್ಜಾರ, ಡಾಕ್ಟರ್ ಕಾಯಾಕತ್ತಾರ," ಅಂದ್ಲು.

"ಸ್ವಲ್ಪ ತಡೀಬೇ ತಂಗಿ," ಅಂದ ಅಂದಾನಪ್ಪ. "ಅಧ್ಯಾಯ ಮುಗೀಲಿ."

ಅಕಿ ಗಡಿಯಾರ ನೋಡಿದ್ಲು, ನನ್ನ ಮಾರಿ ನೋಡಿದ್ಲು, ಏನು ತಿಳೀತೋ ಏನೋ, ಮಂಚದ ಕಬ್ಬಿಣ ಹಿಡಕೊಂಡು ನಿಂತ್ಲು. ಬಾಗಿಲದಾಗ ರತ್ನಾ ಬಂದು ನಿಂತಿದ್ಲು. ಒಳಗ ಬಂದು ನನ್ನ ಭುಜದ ಮ್ಯಾಲ ಕೈ ಇಟ್ಲು. ನಾ ಅವಸರ ಮಾಡದ ಕಡೀತನಕ ಓದಿದೆ. ಆಮೆನ್ ಅಂದು ಅಂವ ತಾನ ಎದ್ದು ಗಾಲಿ ಮಂಚದ ಮ್ಯಾಲ ಮಲಕೊಂಡ, ಒಳಗ ಹೋದ.

ಎರಡು ಬೆರಳು ಹೋದ್ವು, ಕಾಲು ಉಳೀತು. ಉಳೀದ ಹೋಗಿದ್ರೂ ನಾ ಅದ ಅಧ್ಯಾಯನ ಓದ್ತಿದ್ದೆ.